ಐದಕ್ಕೆ ಐದು ಶಾಂತಿ

ತಾಂಡೂರು,
ಸೋಮವಾರ ಸಂಜೆ

ಅಪ್ಪಾಜಿ,

ಸಿಟ್ಟಿನಲ್ಲಿರುವ ನಿಮಗೆ, ನಿಮಗಿಂತ ಹೆಚ್ಚು ಸಿಟ್ಟಿನಲ್ಲಿರುವ ಮಗಳ ನಮಸ್ಕಾರ.

ನನ್ನ ಫೋನು ಎತ್ತಬಾರದು ಎಂದು ನೀವು ಹಟ ಹಿಡಿದಿದ್ದೀರಿ. ಅವ್ವ ಎತ್ತುತ್ತಾಳೆ. ಅಪ್ಪಾಜಿ ಎಲ್ಲಿ ಎಂದು ಕೇಳಿದರೆ ‘ಹೊಲಕ್ಕ ಹೋಗ್ಯಾರ’ ಎನ್ನುತ್ತಾಳೆ. ಹಿಂದಿನಿಂದ ನಿಮ್ಮ ಕೆಮ್ಮು ಕೇಳಿಸುತ್ತದೆ. ಹೊಲಕ್ಕೆ ಹೋದವರು ಅಡುಗೆಮನೆಯಲ್ಲಿ ಹೇಗೆ ಕೆಮ್ಮುತ್ತಾರೆ ಎಂದು ನಾನು ಕೇಳುವುದಿಲ್ಲ. ಪಾಪ, ಅವಳಿಗೆ ಸುಳ್ಳು ಹೇಳಿ ರೂಢಿಯಿಲ್ಲ. ನಿನ್ನೆ ಅವಳೇ ಬೇಸತ್ತು ಹೇಳಿದಳು: ‘ಒಂದು ಕಾಗದ ಬರಿ. ಕೈಯಾಗ ಕಾಗದ ಸಿಕ್ರ ಓದಲಾರ್ದೆ ಬಿಡಂಗಿಲ್ಲ ಅವರು. ಭಜಿ ಕಟ್ಟಿ ಕೊಟ್ಟ ಪೇಪರ್ರೂ ಬಿಡಂಗಿಲ್ಲ.’

ಅದಕ್ಕೇ ಬರೆಯುತ್ತಿದ್ದೇನೆ. ಈ ಎರಡು ತಿಂಗಳಲ್ಲಿ ನೀವು ನಾರಾಯಣಖೇಡದ ಬೇಳೆ ಅಂಗಡಿಗಳಲ್ಲಿ, ಕೊಹೀರಿನ ಅತ್ತೆಯ ಮನೆಯಲ್ಲಿ, ಸಿರ್ಗಾಪುರದ ಚಹದ ಹೋಟೆಲಿನಲ್ಲಿ ಹೇಳುತ್ತ ಬಂದಿರುವ ಕಥೆ ನನ್ನ ಕಿವಿಗೂ ಬಿದ್ದಿದೆ. ಹೈದರಾಬಾದಿನಲ್ಲಿ ಓದಿದ ಮಗಳು ನಾಲ್ಕು ಮಂದಿಯ ಮುಂದೆ ಅಪ್ಪನ ಮಾನ ಕಳೆದಳಂತೆ. ಕಥೆ ಚಿಕ್ಕದಾಗಿದೆ, ಕೇಳಿದವರು ಅಯ್ಯೋ ಎನ್ನುವಂತೆಯೂ ಇದೆ. ಆದರೆ ನಡೆದದ್ದು ಹಾಗಲ್ಲ. ನೀವು ಎದುರಿಗಿದ್ದಾಗ ನಡೆದದ್ದನ್ನೂ ನೀವು ಊರಲ್ಲಿಲ್ಲದಾಗ ನಡೆದದ್ದನ್ನೂ ಮೊದಲಿನಿಂದ ಹೇಳಿಬಿಡುತ್ತೇನೆ. ಕಾಗದದ ನಡುವೆ ಬಾಯಿ ಹಾಕಲು ನಿಮಗೆ ಆಗುವುದಿಲ್ಲ ಎಂಬುದೊಂದೇ ನನಗಿರುವ ಸಮಾಧಾನ.

ಮೊದಲು ನೀವು ಮಾಡಿದ ದೊಡ್ಡ ಕೆಲಸವನ್ನೇ ಹೇಳುತ್ತೇನೆ. ಇಲ್ಲದಿದ್ದರೆ ಮಗಳು ಅದನ್ನು ಮರೆತಳು ಎಂದು ಅದನ್ನೊಂದು ಹೊಸ ಕಥೆ ಮಾಡುತ್ತೀರಿ.

ನಮ್ಮ ಸಿದ್ಧನಖೇಡದ ಕೆರೆ ಬತ್ತಿದ್ದ ಬೇಸಿಗೆ ಅದು. ಹೂಳು ಯಾರ ಹೊಲಕ್ಕೆ ಮೊದಲು ಹೋಗಬೇಕು ಎಂದು ಮೇಲಿನ ಓಣಿಗೂ ಕೆಳಗಿನ ಓಣಿಗೂ ಮಾತು ಬೆಳೆಯಿತು. ಬೆಳಿಗ್ಗೆ ಬೈಗುಳ, ಸಂಜೆಗೆ ಕಲ್ಲು. ನಿಮ್ಮ ಅಣ್ಣನ ಮಗ ಲಿಂಗರಾಜಣ್ಣನ ತಲೆಗೆ ಕಲ್ಲು ಬಿತ್ತು. ಜಹೀರಾಬಾದಿನ ಆಸ್ಪತ್ರೆ ಮುಟ್ಟುವುದರೊಳಗೆ ಅವನು ಹೋದ. ಮರುದಿನ ನಮ್ಮ ಓಣಿಯವರು ಕೆಳಗಿನ ಓಣಿಯ ಮನೆಗಳಿಗೆ ಬೆಂಕಿ ಇಟ್ಟರು. ಆ ಜನ ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟರು. ಅವರಲ್ಲಿ ಕಾಶಿರಾಮ ಮತ್ತು ಅವನ ತಮ್ಮಂದಿರು ಜೈಲಿನಲ್ಲಿದ್ದು, ಯಾರ ಕಲ್ಲು ಎಂಬುದು ಸಾಬೀತಾಗದೆ ಬಿಡುಗಡೆಯಾದರು. ಅವನ ಹೆಂಡತಿ ಭೀಮಮ್ಮ ಕೊಹೀರಿನ ಪೇರಲ ತೋಟಗಳಲ್ಲಿ ಕೂಲಿ ಮಾಡಿ ಸಂಸಾರ ಎಳೆದಳು. ಊರಲ್ಲಿ ಅವರ ಹೊಲಗಳಲ್ಲಿ ಜಾಲಿ ಬೆಳೆಯಿತು.

ಅವರನ್ನು ವಾಪಸು ಕರೆತಂದವರು ನೀವು. ಸತ್ತವನ ಚಿಕ್ಕಪ್ಪನಾಗಿ, ಜಹೀರಾಬಾದಿನಲ್ಲಿ ಅವರಿದ್ದ ಬಾಡಿಗೆ ಕೋಣೆಯ ಮುಂದೆ ಹೋಗಿ ಕುಳಿತು, ‘ಹೊಲ ಹಾಳ ಬಿದ್ದಾವ, ಬರ್ರಿ, ನಾ ಇದ್ದೀನಿ’ ಎಂದವರು ನೀವು. ಸತ್ತವನ ರಕ್ತ ಮಾರಿದಿ ಎಂದು ನಮ್ಮ ಓಣಿಯವರೇ ನಿಮ್ಮ ಮುಖಕ್ಕೆ ಅಂದರು. ನೀವು ನುಂಗಿಕೊಂಡಿರಿ. ಪಂಚಾಯತಿಯಲ್ಲಿ ಎರಡೂ ಓಣಿಯ ಹಿರಿಯರನ್ನು ಕೂಡಿಸಿ ರಾಜಿಪತ್ರ ಬರೆಸಿದಿರಿ. ನನಗೆ ಆಗ ನಿಮ್ಮ ಬಗ್ಗೆ ಹೆಮ್ಮೆಯಿತ್ತು. ಈಗಲೂ ಇದೆ. ಈ ಸಾಲನ್ನು ಇನ್ನೊಂದು ಸಲ ಓದಿ, ಮುಂದೆ ಬರುವುದನ್ನು ಓದುವಾಗ ಬೇಕಾಗುತ್ತದೆ.

ಇನ್ನು ನನ್ನ ಕೆಲಸ. ‘ಊರೂರು ತಿರುಗಿ ಜನರನ್ನ ಕಾಡೋದು’ ಎಂದು ನೀವು ಹೇಳುವ ಆ ಕೆಲಸ. ಜಗಳವಾಗಿ ಊರು ಬಿಟ್ಟವರು ವಾಪಸು ಬಂದ ಮೇಲೆ ನಿಜವಾಗಿ ಊರಲ್ಲಿ ಬೆರೆತಿದ್ದಾರೆಯೇ, ಆದ ಶಾಂತಿ ನಿಲ್ಲುವಂಥದೇ ಎಂದು ನಮ್ಮ ಸಂಸ್ಥೆ ಅಳೆಯುತ್ತದೆ. ಜಹೀರಾಬಾದಿನ ಕಡೆ ಒಂದು ಊರು, ನಾರಾಯಣಖೇಡದ ಕಡೆ ನಮ್ಮ ಊರು. ಮೂರನೆಯದು ಬಶೀರಾಬಾದಿನ ಹತ್ತಿರದ್ದು. ಅಲ್ಲಿ ಊರು ಬಿಟ್ಟವರು ಇನ್ನೂ ವಾಪಸು ಹೋಗಿಲ್ಲ, ಇಲ್ಲಿ ತಾಂಡೂರಿನ ಅಂಚಿನಲ್ಲಿ ತಗಡಿನ ಶೆಡ್ಡುಗಳಲ್ಲಿದ್ದಾರೆ. ಮೊದಲಿನ ಎರಡು ಊರುಗಳಲ್ಲಿ ನಾವು ಕಂಡುಕೊಂಡದ್ದನ್ನು ನೋಡಿ ಅವರನ್ನು ಯಾವಾಗ, ಹೇಗೆ ಕರೆದೊಯ್ಯಬೇಕು ಎಂದು ತೀರ್ಮಾನಿಸುತ್ತಾರೆ. ನಾವು ತಪ್ಪಾಗಿ ಅಳೆದರೆ ಆ ಶೆಡ್ಡಿನ ಮಕ್ಕಳು ತಪ್ಪು ದಿನ, ತಪ್ಪು ರೀತಿಯಲ್ಲಿ ಊರು ಹೊಗುತ್ತಾರೆ. ನನ್ನ ತಲೆ ಕೆಟ್ಟದ್ದು ಇದಕ್ಕೆ.

ನಮ್ಮ ಊರಿಗೆ ನನ್ನನ್ನು ಕಳಿಸಬೇಡಿ ಎಂದು ನಾನು ಮೊದಲೇ ಹೇಳಿದ್ದೆ. ಸತ್ತವನು ನನ್ನ ಅಣ್ಣ, ಕೆಳಗಿನ ಓಣಿಯವರು ನನ್ನೆದುರು ಬಾಯಿ ಬಿಡುವುದಿಲ್ಲ ಎಂದೆ. ‘ಭಾಷೆ ಗೊತ್ತು, ಜನ ಗೊತ್ತು, ಇನ್ನೇನು ಬೇಕು?’ ಎಂದರು ಹೈದರಾಬಾದಿನ ಸಾಹೇಬರು. ಆಮೇಲೆ ಬಂತು ಪ್ರಶ್ನೆಗಳ ಹಾಳೆ. ಇಂಗ್ಲಿಷಿನಲ್ಲಿ ಬರೆದು, ತೆಲುಗಿಗೆ ತಂದು, ಅಲ್ಲಿಂದ ನಮ್ಮ ಮಾತಿಗೆ ಇಳಿಸಿದ್ದು. ಮುರಿದ ಮನಸ್ಸುಗಳು ಮತ್ತೆ ಕೂಡಿವೆಯೇ ಎಂದು ಕೇಳಬೇಕಾಗಿದ್ದ ಪ್ರಶ್ನೆ ಇಳಿದು ಇಳಿದು ‘ನಿಮ್ಮ ಊರಾಗ ರಾಜಿ ಆಗ್ಯಾದೇನ್ರಿ?’ ಎಂದಾಗಿತ್ತು. ಆಗ್ಯಾದರಿ ಎಂದರು ಎಲ್ಲರೂ. ಆಗದೆ ಏನು? ಪಂಚಾಯತಿಯಲ್ಲಿ ಸಹಿ ಬಿದ್ದಿದೆ! ಈ ಪ್ರಶ್ನೆ ತಪ್ಪು, ಬದಲಿಸಿ ಎಂದು ಬರೆದೆ. ಎಲ್ಲ ಊರಿಗೂ ಒಂದೇ ಪ್ರಶ್ನೆ ಇದ್ದರೆ ಮಾತ್ರ ಹೋಲಿಸಲು ಬರುತ್ತದೆ, ಬದಲಿಸಲಾಗದು ಎಂದು ಉತ್ತರ ಬಂತು. ತಪ್ಪು ಪ್ರಶ್ನೆಯನ್ನು ಎಲ್ಲ ಕಡೆ ಒಂದೇ ರೀತಿ ಕೇಳಿದರೆ ಅದು ಹೇಗೆ ಸರಿಯಾಗುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ.

ಆದರೆ ಅವೆಲ್ಲ ಸಣ್ಣ ತಲೆನೋವು. ದೊಡ್ಡ ತಲೆನೋವು ನೀವು.

ಭೀಮಮ್ಮನ ಮನೆಯಲ್ಲಿ ನಾನು ಚಾಪೆಯ ಮೇಲೆ ಕೂರುವುದರೊಳಗೆ ಹಣೆಗೆ ವಿಭೂತಿ ಬಳಿದುಕೊಂಡು, ಇಸ್ತ್ರಿ ಮಾಡಿದ ಧೋತರ ಉಟ್ಟು ನೀವು ಬಂದಿರಿ. ಅವರು ಇದ್ದೊಂದು ಕುರ್ಚಿ ತಂದು ಹಾಕಿದರು. ‘ನಮ್ಮ ವಾಣಿ ಬಂದಾಳ. ಖುಲ್ಲಾ ಮಾತಾಡ್ರಿ. ಯಾರಿಗೂ ಅಂಜಬ್ಯಾಡ್ರಿ’ ಎಂದು ಭರವಸೆ ಕೊಟ್ಟು, ಭೀಮಮ್ಮನ ಎದುರಿಗೇ ಕುಳಿತಿರಿ. ಊರಲ್ಲಿ ನಿಮಗೆ ಎಷ್ಟು ನೆಮ್ಮದಿಯಿದೆ, ಒಂದರಿಂದ ಐದರ ತನಕ ಹೇಳಿ ಎಂದು ನಾನು ಕೇಳಿದೆ. ಅವಳು ನಿಮ್ಮ ಮುಖ ನೋಡಿದಳು.

‘ಐದಕ್ಕ ಐದು ಅಂತ ಹೇಳವ್ವಾ’ ಎಂದಿರಿ ನೀವು.

‘ಐದ್ರಿ’ ಎಂದಳು.

ಹಬ್ಬ ಹುಣ್ಣಿಮೆಗೆ ಒಬ್ಬರ ಮನೆಗೆ ಒಬ್ಬರು ಹೋಗುತ್ತೀರಾ ಎಂದೆ. ಅವಳು ಸ್ವಲ್ಪ ತಡೆದಳು. ಆ ತಡೆದ ಗಳಿಗೆಗಾಗಿಯೇ ನಾನು ಅಷ್ಟು ದೂರದಿಂದ ಬಂದಿದ್ದೆ ಅಪ್ಪಾಜಿ! ‘ಹೋಗ್ತಾರ, ಹೋಗ್ತಾರ, ಬರಕೋ’ ಎಂದು ನೀವು ಅದನ್ನು ತುಳಿದು ಹಾಕಿದಿರಿ. ನಿಮ್ಮನ್ನು ಎಬ್ಬಿಸಲೆಂದು ನೀರು ಬೇಕು ಎಂದೆ. ಕುಳಿತಲ್ಲಿಂದಲೇ ಕೂಗಿದಿರಿ, ನೀರು ಬಂತು, ಜೊತೆಗೆ ಚಹವೂ ಬಂತು. ಅವ್ವ ಕರೆಯುತ್ತಿದ್ದಾಳೆ ಎಂದೆ. ‘ಕರೀಲಿ’ ಎಂದಿರಿ. ಮರುದಿನ ನಿಮ್ಮ ಪೂಜೆ ಮುಗಿಯುವ ಮೊದಲೇ ಕಳ್ಳಿಯಂತೆ ಮನೆಯಿಂದ ಜಾರಿದೆ. ಎರಡನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಒದ್ದೆ ಧೋತರದಲ್ಲಿ ಬಾಗಿಲಲ್ಲಿ ನಿಂತಿದ್ದಿರಿ. ಶಿವನನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಿರಿ! ನೀವಿಲ್ಲದ ಒಂದೇ ಒಂದು ಮನೆ ಸಿಕ್ಕಿತು. ಆ ಮನೆಯಾಕೆ ಹೇಳಿದ್ದು: ‘ಶಾಂತಪ್ಪ ಸಾವಕಾರ್ರು ಬರ್ಲಿ, ಆಮ್ಯಾಲ ಹೇಳ್ತೀನ್ರಿ.’

ಅಂಕ ಕೂಡಿಸಿದಾಗ ಸಿದ್ಧನಖೇಡವೇ ಎಲ್ಲಕ್ಕಿಂತ ಮೇಲೆ. ಜಹೀರಾಬಾದಿನ ಕಡೆಯ ಊರಿನವರು ನಮ್ಮ ಮುಖಕ್ಕೇ ಗೊಣಗಿದ್ದರು, ಎದುರು ಮನೆಯವರನ್ನು ಬೈದಿದ್ದರು, ಎರಡು ಮೂರು ಅಂಕ ಕೊಟ್ಟಿದ್ದರು. ಅಲ್ಲಿ ಶಾಂತಿ ಇನ್ನೂ ಹಸಿ ಎಂದು ಆಫೀಸು ಬರೆದುಕೊಂಡಿತು. ನನಗೆ ತೋರಿದ್ದು ಬೇರೆ. ಬಾಯಿಬಿಟ್ಟು ಗೊಣಗುವ ಧೈರ್ಯವಿರುವ ಊರಲ್ಲಿ ಒಂದಿಷ್ಟು ಶಾಂತಿ ಬಂದಿದೆ. ಯಾರೂ ಗೊಣಗದ ನಮ್ಮ ಊರು ನನಗೆ ಹೆದರಿಕೆ ಹುಟ್ಟಿಸಿತು.

ಸಾಹೇಬರಿಗೆ ಮಾತ್ರ ಸಂತೋಷವೋ ಸಂತೋಷ. ಸಿದ್ಧನಖೇಡವನ್ನು ಮಾದರಿ ಮಾಡೋಣ, ಶಾಂತಪ್ಪನವರಿಗೆ ಊರ ಮುಂದೆ ಶಾಲು ಹೊದಿಸೋಣ, ಅವರನ್ನೇ ಬಶೀರಾಬಾದಿನ ಕಡೆ ಕರೆದೊಯ್ದು ಮುಂಗಾರಿನ ಮೊದಲು ಅದೇ ಬಗೆಯ ರಾಜಿ ಮುಗಿಸಿಬಿಡೋಣ ಎಂದರು. ನೀವು ಆ ದಿನ ಮೂರು ಊರಿಗೆ ಫೋನು ಮಾಡಿದಿರಿ. ನಾನು ಮೇಲಿಂದ ಮೇಲೆ ಬರೆದೆ, ಜಗಳವಾಡಿದೆ. ಕೊನೆಗೆ ಒಂದು ವಾರ ಕೊಟ್ಟರು. ಬೇರೆ ರೀತಿ ವಿಚಾರಿಸು, ಕಂಡದ್ದನ್ನು ಊರಿನವರ ಮುಂದೆಯೇ ಹೇಳಿ ಒಪ್ಪಿಸು, ಅದೇ ಸಭೆಯಲ್ಲಿ ಶಾಲು ಎಂದರು.

ನಿಮಗೆ ನೆನಪಿರುತ್ತದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಒಂದು ವಾರ ನೀವು ಊರಲ್ಲಿ ಇರಬೇಡಿ ಎಂದು ನಾನು ಹೇಳಿದೆ. ನೀವು ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟಿರಿ. ‘ನಾ ಕಟ್ಟಿದ ಶಾಂತಿಯೊಳಗ ನನಗ ಜಾಗಾ ಇಲ್ಲೇನು?’ ಎಂದಿರಿ. ಚೀಲವನ್ನು ನನ್ನ ಕೈಗೆ ಕೊಡದೆ ನೀವೇ ಹೊತ್ತು ಕೊಹೀರಿನ ಬಸ್ಸು ಹತ್ತಿದಿರಿ. ಆ ಬಸ್ಸು ಕಾಣದಾಗುವವರೆಗೆ ನಾನು ನಿಂತಿದ್ದೆ. ಆಮೇಲೆ, ನಿಜ ಹೇಳಬೇಕೆಂದರೆ, ಒಂದು ನಿಟ್ಟುಸಿರು ಬಿಟ್ಟೆ.

ನೀವಿಲ್ಲದ ವಾರದಲ್ಲಿ ನಡೆದದ್ದು ಇದು.

ನನ್ನ ಜೊತೆ ಕೆಲಸ ಮಾಡುವ ಸೌಮ್ಯಾ ತಾಂಡೂರಿನವಳು, ಎರಡು ಓಣಿಗೂ ಏನೂ ಆಗಬೇಕಾದವಳಲ್ಲ. ಅವಳನ್ನು ಕರೆಸಿದೆ. ಪ್ರಶ್ನೆಗಳನ್ನು ಚೀಲದಲ್ಲೇ ಇಡು, ಭೀಮಮ್ಮ ಎಲ್ಲಿ ಹೋಗುತ್ತಾಳೋ ಅಲ್ಲಿ ಜೊತೆಗೆ ನಡೆ ಎಂದೆ. ಭೀಮಮ್ಮ ರೇಷನ್ ಅಂಗಡಿಗೆ ಹೊರಟಳು. ಅಂಗಡಿ ನಮ್ಮ ಓಣಿಯ ತುದಿಗಿದೆ, ನೆಟ್ಟಗೆ ಹೋದರೆ ಚಹ ಆರುವುದರೊಳಗೆ ಹೋಗಿಬರಬಹುದು. ಅವಳು ಊರ ಹೊರಗೆ ಹೋಗಿ, ಕೆರೆಯ ಏರಿ ಹತ್ತಿ, ಜಾಲಿ ಮುಳ್ಳಿನ ನಡುವೆ ಸುತ್ತಿ ಅಂಗಡಿಯ ಹಿಂದೆ ಬಂದಳು. ಅಕ್ಕಿಯ ಚೀಲ ತಲೆಯ ಮೇಲೆ ಹೊತ್ತು ಅದೇ ದಾರಿಯಲ್ಲಿ ಮರಳಿದಳು. ಹೀಗೇಕೆ ಎಂದು ಸೌಮ್ಯಾ ಕೇಳಿದಾಗ ಹೇಳಿದಳಂತೆ:

‘ಆ ಓಣ್ಯಾಗ ಪ್ರೇಮಲವ್ವನ ಮನಿ ಅದ. ಲಿಂಗರಾಜಪ್ಪನ ಹೆಂಡತಿ. ಬಾಗಲದಾಗ ಕುಂತಿರ್ತಾಳ. ಬೈಯಂಗಿಲ್ಲ, ಏನಿಲ್ಲ. ನಾ ಬರೋದು ಕಂಡ್ರ ಎದ್ದು ಒಳಗ ಹೋಗಿ ಬಾಗಲಾ ಹಾಕ್ತಾಳ. ಅದು ನನಗ ನೋಡಾಕ ಆಗಲ್ಲವ್ವಾ.’

ಮತ್ತೆ ಐದು ಅಂತ ಯಾಕೆ ಹೇಳಿದಿರಿ ಎಂದರೆ, ಸೌಮ್ಯಾಗೆ ತಿಳಿಯದ್ದನ್ನು ತಿಳಿಸುವಂತೆ ಹೇಳಿದಳು: ‘ಸಾವಕಾರ್ರು ನಮ್ಮನ್ನ ಕೈ ಹಿಡದು ಕರಕೊಂಡ ಬಂದವರು. ಅವರ ಮುಂದ ಎರಡು ಅಂದ್ರ ಅವರ ಜೀವಕ್ಕ ಎಷ್ಟು ಸಂಕಟ ಆಗ್ತಿತ್ತು?’

ನಾನು ಇಷ್ಟು ದಿನ ಅವಳು ನಿಮಗೆ ಹೆದರಿದ್ದಾಳೆ ಎಂದುಕೊಂಡಿದ್ದೆ. ಅವಳು ನಿಮ್ಮ ಮೇಲೆ ಮರುಕಪಟ್ಟು ಸುಳ್ಳು ಹೇಳಿದ್ದಳು. ಹೆದರಿಕೆಯನ್ನು ದಾಟಿ ಉತ್ತರ ಪಡೆಯುವ ಹತ್ತು ದಾರಿಗಳನ್ನು ನಮಗೆ ಕಲಿಸಿದ್ದಾರೆ. ಇದಕ್ಕೆ ಏನು ಮಾಡಬೇಕೆಂದು ಯಾರೂ ಕಲಿಸಿಲ್ಲ. ನಿಮ್ಮ ಒಳ್ಳೆಯತನಕ್ಕೆ ನಾನು ಎಲ್ಲಿ ತಲೆ ಚಚ್ಚಿಕೊಳ್ಳಲಿ?

ಶಾಂತಿ ಬಂದಿದೆ ಅಂತ ನಿಮಗೆ ಯಾವುದರಿಂದ ಗೊತ್ತಾಗುತ್ತದೆ ಎಂದೂ ಸೌಮ್ಯಾ ಕೇಳಿದಳು. ‘ನಮ್ಮ ಮನ್ಯಾಗ ಯಾರರ ಸತ್ರ ಮ್ಯಾಲಿನ ಓಣಿಯವರು ಬಂದು ಕುಂದರಬೇಕು. ಮದವಿಗೆ ಯಾರಾದ್ರೂ ಬರ್ತಾರ, ಊಟ ಇರ್ತದ’ ಎಂದಳಂತೆ. ಹೋದ ಚಳಿಗಾಲ ಅವಳ ಅತ್ತೆ ತೀರಿಕೊಂಡಾಗ ನಮ್ಮ ಓಣಿಯಿಂದ ಬಂದವರು ನೀವೊಬ್ಬರೇ ಎಂದೂ ಹೇಳಿದಳು. ಅದನ್ನು ನೀವು ನನಗೆ ಹೇಳಿರಲಿಲ್ಲ. ಐದಕ್ಕೆ ಐದು ಬರಕೋ ಎನ್ನುವಾಗ, ಆ ಅಂಗಳದಲ್ಲಿ ಒಬ್ಬರೇ ಕುಳಿತು ಬಂದದ್ದು ನಿಮಗೆ ಗೊತ್ತಿತ್ತು.

ಆಮೇಲೆ ನಾನು ಪ್ರೇಮಲಾ ವೈನಿಯ ಮನೆಗೆ ಹೋದೆ. ನಮ್ಮ ಅಧ್ಯಯನದಲ್ಲಿ ಅವಳ ಹೆಸರೇ ಇರಲಿಲ್ಲ. ವಾಪಸು ಬಂದವರನ್ನು ಕೇಳಿ, ಊರ ಹಿರಿಯರನ್ನು ಕೇಳಿ ಎಂದಿದ್ದರು. ಅವಳು ಎರಡೂ ಅಲ್ಲ. ಹೊಲಿಗೆ ಮಷಿನ್ನು ತುಳಿಯುತ್ತಲೇ ಮಾತಾಡಿದಳು.

‘ರಾಜಿ ಯಾರ ಕೂಡ ಯಾರು ಮಾಡಿಕೊಂಡ್ರು ವಾಣಿ? ಹೋದದ್ದು ನನ್ನ ಗಂಡ. ಸಹಿ ಮಾಡಿದವರು ಮಾವಾರು. ಕೆಳಗಿನ ಓಣಿಯವರು ಊರಿಗೆ ಬರಬಾರದು ಅಂತ ನಾ ಅಂದಿಲ್ಲ. ಬರ್ಲಿ, ಉಣ್ಲಿ. ಆದ್ರ ಆ ಮಾತು ಮತ್ತ ಯಾರೂ ಎತ್ತಬಾರದು ಅಂತ ಬರದಾರಲ್ಲ, ಅವತ್ತಿಂದ ಇವರ ಹೆಸರೂ ಯಾರೂ ತಗೊಳ್ಳಲ್ಲ. ಇವರು ಹುಟ್ಟೇ ಇರಲಿಲ್ಲ ಅನ್ನಂಗ ಮಾಡ್ಯಾರ.’

ಭೀಮಮ್ಮ ಬಂದರೆ ಬಾಗಿಲು ಹಾಕುವುದೇಕೆ ಎಂದು ಕೇಳಿದೆ. ಮಷಿನ್ನು ನಿಂತಿತು.

‘ಆಕಿ ಮಾರಿ ಕಂಡ್ರ ಕೇಳಬೇಕನಸ್ತದ, ಅವತ್ತ ಏನಾತು ಅಂತ. ಕೇಳಬಾರದಂತ ಬರದದ. ಅದಕ್ಕ ಒಳಗ ಹೋಗ್ತೀನಿ.’

ಅಪ್ಪಾಜಿ, ಒಬ್ಬಳು ಮುಖ ತಪ್ಪಿಸಲು ಮುಳ್ಳು ತುಳಿಯುತ್ತಿದ್ದಳು. ಇನ್ನೊಬ್ಬಳು ನೀವು ಬರೆಸಿದ ಒಂದು ಸಾಲನ್ನು ಪಾಲಿಸಲು ಬಾಗಿಲು ಹಾಕುತ್ತಿದ್ದಳು. ನೀವು ನಾರಾಯಣಖೇಡದಲ್ಲಿ ಕುಳಿತು ನಮ್ಮ ಊರಲ್ಲಿ ಎಲ್ಲ ಛಲೋ ಅದ ಎನ್ನುತ್ತಿದ್ದಿರಿ.

ಸಭೆಯ ದಿನ ನೀವು ಕೊಹೀರಿನಿಂದ ಬಂದು ನೇರ ಕುರ್ಚಿಯಲ್ಲಿ ಕುಳಿತಿರಿ, ನನ್ನತ್ತ ನೋಡಲಿಲ್ಲ. ಸಾಹೇಬರ ಕಾಲ ಬಳಿ ಶಾಲಿನ ಪೊಟ್ಟಣವಿತ್ತು. ನಾನು ಯಾರ ಹೆಸರನ್ನೂ ಹೇಳಲಿಲ್ಲ, ಯಾರ ಮಾತನ್ನೂ ಹೊರಗೆ ಹಾಕಲಿಲ್ಲ. ಈ ಊರಲ್ಲಿ ರಾಜಿ ಆಗಿದೆ, ಆದರೆ ಜನ ಒಬ್ಬರನ್ನೊಬ್ಬರು ತಪ್ಪಿಸಿ ನಡೆಯುತ್ತಾರೆ, ನೋವುಂಡವರನ್ನು ಯಾರೂ ಕೇಳಿಲ್ಲ, ನಾವು ಕೊಟ್ಟ ಅಂಕ ಸರಿಯಿಲ್ಲ ಎಂದೆ. ಅಷ್ಟೇ. ಮಾನ ಕಳೆದದ್ದು ಎಂದರೆ ಇಷ್ಟು. ನೀವು ಎದ್ದು ನಿಂತು ‘ಮಗಳು ಪುಸ್ತಕದ ಮಾತು ಹೇಳಾಕತ್ತಾಳ. ನಮ್ಮ ಊರಾಗ ಶಾಂತಿ ಅದನೋ ಇಲ್ಲೋ?’ ಎಂದು ಕೇಳಿದಿರಿ. ‘ಅದರಿ!’ ಎಂದು ಎರಡೂ ಓಣಿ ಕೂಗಿತು. ನಿಮ್ಮ ಮೇಲಿನ ಪ್ರೀತಿಗೆ ಕೂಗಿತು.

ಆಗ ಹೆಂಗಸರ ಸಾಲಿನಲ್ಲಿ ವೈನಿ ಎದ್ದಳು.

‘ನಂದೊಂದು ಮಾತದರಿ ಮಾವಾರ.’

‘ಪ್ರೇಮಲಾ, ಅದು ಮುಗದ ಮಾತವ್ವಾ. ಕುಂದ್ರು.’

‘ನಿಮಗ ಮುಗದದರಿ. ನನಗ ಯಾರೂ ಸುರು ಮಾಡಾಕೇ ಬಿಟ್ಟಿಲ್ಲ’ ಎಂದು ಅವಳು ನಿಮ್ಮನ್ನು ಬಿಟ್ಟು ಕೆಳಗಿನ ಓಣಿಯವರ ಕಡೆ ತಿರುಗಿದಳು. ‘ಕಾಶಿರಾಮಣ್ಣಾ, ಅವತ್ತ ಏನಾತು? ಅಷ್ಟ ಹೇಳು. ನಾ ಪೊಲೀಸಿನಾಕಿ ಅಲ್ಲ.’

ಭೀಮಮ್ಮ ಕಾಶಿರಾಮನ ಅಂಗಿ ಹಿಡಿದು ಎಳೆಯುತ್ತಿದ್ದಳು. ಅವನು ಎದ್ದ.

‘ಕೋರ್ಟಿನಾಗ ನಾ ಕಲ್ಲು ಒಗದಿಲ್ಲ ಅಂದೆ. ಒಗದಿದ್ದೆ ಯವ್ವಾ. ಎಲ್ಲಾರೂ ಒಗದಿದ್ವಿ. ಯಾರದು ಬಡೀತೋ ದೇವರಾಣೆ ಗೊತ್ತಿಲ್ಲ.’

ನಮ್ಮ ಓಣಿಯ ಹುಡುಗರು ಧಡಾರನೆ ಎದ್ದರು. ಕುರ್ಚಿ ಉರುಳಿತು. ನೀವು ಕೈ ಎತ್ತಿದಿರಿ, ಆದರೆ ನಿಮ್ಮ ಬಾಯಿಂದ ಮಾತು ಬರಲಿಲ್ಲ. ನನ್ನ ಜೀವಮಾನದಲ್ಲಿ ಅದನ್ನು ನಾನು ಮೊದಲ ಸಲ ಕಂಡೆ. ಕೂಗಿದವಳು ವೈನಿ.

‘ಕುಂದರ್ರೋ! ಇಷ್ಟು ವರ್ಷದಾಗ ಒಬ್ಬ ಮನಷ್ಯಾ ನನ್ನ ಮುಂದ ಖರೆ ಮಾತಾಡಾಕತ್ತಾನ. ಕೇಳಾಕ ಬಿಡ್ರಿ.’

ಅವರು ಕುಳಿತರು. ಕಾಶಿರಾಮ ಉಳಿದದ್ದನ್ನೂ ಹೇಳಿದ: ‘ಬಿದ್ದ ಮ್ಯಾಲ ನೀರು ಅಂದ. ನಾ ಹತ್ತರನ ಇದ್ದೆ. ಕೊಡಾಕ ಹೋದ್ರ ನಿಮ್ಮವರು ಕೊಲ್ತಾರಂತ ಓಡಿದೆ. ಇವತ್ತಿಗೂ ನೀರು ಕುಡಿಯಾಗ ಅದೇ ಕೇಳ್ತದ.’

ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತುಬಿಟ್ಟಳು. ಸಾಹೇಬರು ಪೊಟ್ಟಣವನ್ನು ಬಗಲಿಗೆ ಸೇರಿಸಿ ಡ್ರೈವರನನ್ನು ಹುಡುಕಿಕೊಂಡು ಹೋದರು. ನೀವು ನನ್ನ ಪಕ್ಕದಿಂದಲೇ ಹಾದುಹೋದಿರಿ, ಅಂಗಡಿಯಲ್ಲಿ ಗುರುತಿಲ್ಲದವರನ್ನು ದಾಟುವಂತೆ.

ಎರಡು ದಿನದ ಮೇಲೆ ನಾರಾಯಣಖೇಡದ ಬಸ್‌ಸ್ಟ್ಯಾಂಡಿಗೆ ಬಂದಿರಿ. ಕಳಿಸಲು ಬಂದಿರಿ ಎಂದುಕೊಂಡು ನಾನು ಹಲ್ಲು ಕಿರಿದೆ. ‘ನಾಕು ವರ್ಷ ಕೈಯಾಗ ಹಿಡದು ನಿಲ್ಲಿಸಿದ್ದೆ. ಒಂದು ವಾರದಾಗ ಕೆಡವಿದಿ’ ಎಂದಿರಿ. ‘ನೀವು ಶಾಂತಿ ಮಾಡಿಲ್ಲ ಅಪ್ಪಾಜಿ, ಎಲ್ಲಾರ ಬಾಯಿ ಮುಚ್ಚಸೀರಿ’ ಎಂದು ನಾನೂ ಕೂಗಿದೆ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹಾಕಿ ನೋಡಿದರು. ಕೂಗಿದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ. ಮಾತನ್ನು ತೆಗೆದುಕೊಳ್ಳುವುದಿಲ್ಲ.

ನೀವು ಹೆದರಿದ್ದು ಸುಳ್ಳಲ್ಲ. ಸಭೆಯಾದ ಮೇಲೆ ಊರು ಬಿಗಿಯಾಯಿತು. ಕೆಳಗಿನ ಓಣಿಯ ಒಂದು ಮನೆಯವರು ಬೀಗ ಹಾಕಿ ಜಹೀರಾಬಾದಿಗೆ ಹೋದರು, ಇನ್ನೂ ಬಂದಿಲ್ಲ. ನಾನು ಇಲ್ಲಿ ಕುಳಿತು ಉಗುರು ಕಚ್ಚಿಕೊಂಡು ಅವ್ವನಿಗೆ ಫೋನು ಮಾಡುತ್ತಿದ್ದೆ. ಹೋದ ವಾರ ಅವ್ವ ಹೇಳಿದಳು, ಭೀಮಮ್ಮ ಈಗ ನಮ್ಮ ಓಣಿಯಿಂದಲೇ ರೇಷನ್ನಿಗೆ ಹೋಗುತ್ತಾಳಂತೆ, ವೈನಿ ಬಾಗಿಲು ಹಾಕುವುದಿಲ್ಲವಂತೆ. ಮಾತಿಲ್ಲವಂತೆ. ಒಬ್ಬಳು ಹೋಗುತ್ತಾಳೆ, ಒಬ್ಬಳು ಕುಳಿತಿರುತ್ತಾಳೆ. ಇದಕ್ಕೆ ಎಷ್ಟು ಅಂಕ ಎಂದು ಆಫೀಸು ನನ್ನನ್ನು ಕೇಳುತ್ತಿದೆ. ಅಂಕ ಏರಿತೋ ಇಳಿಯಿತೋ, ಒಂದು ಮಾತಿನಲ್ಲಿ ಹೇಳಿ ಮೇಡಂ ಎನ್ನುತ್ತಾರೆ! ನೀವೂ ಅವರೂ ಸೇರಿ ನನ್ನನ್ನು ಹುಚ್ಚಿ ಮಾಡುತ್ತೀರಿ. ಒಂದೇ ಒಳ್ಳೆಯದಾಯಿತು. ಬಶೀರಾಬಾದಿನ ಕಡೆಯ ರಾಜಿಯನ್ನು ಗೊಣಗುತ್ತಲೇ ಮುಂದೂಡಿದ್ದಾರೆ. ಅಲ್ಲಿ ಕಳೆದುಕೊಂಡವರನ್ನು ಮೊದಲು ಕೇಳಬೇಕು ಎಂಬ ನನ್ನ ಮಾತಿಗೆ ಹೂಂ ಅಂದಿದ್ದಾರೆ.

ಕಣ್ಣು ಎಳೆಯುತ್ತಿದೆ. ಉಳಿದದ್ದು ನಾಳೆ.

ಮಂಗಳವಾರ ಮಧ್ಯಾಹ್ನ

ಅಪ್ಪಾಜಿ, ಈ ಕಾಗದವನ್ನು ಅಂಚೆಗೆ ಹಾಕಲು ಹೊರಟಿದ್ದೆ. ಬಶೀರಾಬಾದಿನ ಕಡೆಯ ಆ ಊರಿನಿಂದ ಸೌಮ್ಯಾಳ ಫೋನು ಬಂತು. ಪಿಸುಗುಡುತ್ತಿದ್ದಳು.

‘ಅಕ್ಕಾ, ನಿಮ್ಮ ಅಪ್ಪಾಜಿ ಇಲ್ಲಿ ಬಂದು ಕುಂತಾರ್ರಿ.’

ನನಗೆ ಮೊದಲು ಅರ್ಥವಾಗಲಿಲ್ಲ. ಬೆಳಗಿನ ಬಸ್ಸಿಗೆ ಇಳಿದಿರಂತೆ. ಸರಪಂಚರ ಮನೆ ಕೇಳಲಿಲ್ಲವಂತೆ, ಹಿರಿಯರನ್ನು ಕೂಡಿಸಲಿಲ್ಲವಂತೆ. ಈ ಊರ ಜಗಳದಲ್ಲಿ ಯಾರ ಮನೆಯವರು ಹೋಗಿದ್ದಾರೆ ಎಂದು ಕೇಳಿಕೊಂಡು, ಮಗನನ್ನು ಕಳೆದುಕೊಂಡ ಸಾಬಮ್ಮ ಎಂಬ ಮುದುಕಿಯ ಗುಡಿಸಲಿಗೆ ಹೋಗಿ, ನೆಲದ ಮೇಲೆ ಕುಳಿತಿರಂತೆ. ‘ಅವ್ವಾ, ಊರು ಬಿಟ್ಟವರನ್ನ ಹೊಳ್ಳಿ ಕರೀಬೇಕಂತ ನಡದದ. ನಿನ್ನ ಕೇಳಲಾರ್ದೆ ಏನೂ ಮಾಡಬಾರದಂತ ಬಂದೀನಿ’ ಎಂದಿರಂತೆ. ಅವಳು ‘ನನ್ನ ಮಗ ಹ್ಯಾಂಗಿದ್ದ ಹೇಳ್ಲಾ?’ ಎಂದಳಂತೆ. ‘ಹೇಳವ್ವಾ’ ಎಂದಿರಂತೆ. ಅಷ್ಟೇ. ಆಗಿನಿಂದ ಅವಳು ಹೇಳುತ್ತಿದ್ದಾಳೆ, ನೀವು ಕೇಳುತ್ತಿದ್ದೀರಿ. ಸೌಮ್ಯಾ ಊಟಕ್ಕೆ ಕರೆಯಲು ಹೋದರೆ ಕೈ ಅಡ್ಡ ಮಾಡಿ ‘ಆಕೀದು ಇನ್ನ ಮುಗದಿಲ್ಲ. ಸುಮ್ನಿರು’ ಎಂದಿರಂತೆ.

ನಾನು ಫೋನು ಕೆಳಗಿಟ್ಟು ಕಣ್ಣೊರೆಸಿಕೊಂಡೆ. ಆಮೇಲೆ ಬಂತು ನೋಡಿ ಸಿಟ್ಟು. ನಿಮ್ಮನ್ನು ಅಲ್ಲಿಗೆ ಹೋಗಲು ಯಾರು ಹೇಳಿದರು? ಅದು ನಾವು ಇನ್ನೂ ಕೈಯಿಡದ ಊರು. ಏನೂ ಶುರುವಾಗುವ ಮೊದಲು ಜನರ ಮನಸ್ಸು ಹೇಗಿತ್ತು ಎಂದು ಅಳೆದುಕೊಂಡು, ಆಮೇಲೆ ಮಾತುಕತೆ ನಡೆಸಿ, ಕೊನೆಗೆ ಮತ್ತೆ ಅಳೆಯಬೇಕು. ಸೌಮ್ಯಾ ಇವತ್ತು ಮೊದಲ ಮನೆಗೆ ಹೋಗಬೇಕಿತ್ತು. ಅವಳಿಗಿಂತ ಮೊದಲು ನೀವು ಹೋಗಿ ಕುಳಿತಿದ್ದೀರಿ! ಇನ್ನು ಅಲ್ಲಿ ಸಿಗುವುದೆಲ್ಲ ನೀವು ಹೋದ ಮೇಲಿನದು. ವರದಿಯಲ್ಲಿ ನಾನು ಏನು ಬರೆಯಲಿ? ಅಧ್ಯಯನ ಆರಂಭವಾಗುವ ಮೊದಲೇ ಸಂಶೋಧಕಿಯ ತಂದೆ ಬಸ್ಸಿನಲ್ಲಿ ಬಂದರು ಎಂದು ಬರೆಯಲೇ? ಅವ್ವನಿಗೂ ಹೇಳದೆ ಹೋಗಿದ್ದೀರಿ, ಅವಳು ಈಗ ತಾನೇ ಫೋನು ಮಾಡಿ ‘ಹೊಲಕ್ಕ ಹೋದವರು ಖರೇನ ಎಲ್ಲಿ ಹೋದ್ರೋ’ ಎಂದು ಅಳುತ್ತಿದ್ದಳು. ಬಿಪಿ ಮಾತ್ರೆ ಒಯ್ದಿದ್ದೀರೋ ಇಲ್ಲವೋ?

ಈ ಕಾಗದವನ್ನು ಇನ್ನು ಅಂಚೆಗೆ ಹಾಕಿ ಫಲವಿಲ್ಲ. ನಾಳೆ ಬೆಳಗಿನ ಬಸ್ಸಿಗೆ ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ಅಲ್ಲಿಯ ತನಕ ಏನು ಮಾಡಬೇಕೆಂದು ಸೌಮ್ಯಾಳ ಕೈಲಿ ಹೇಳಿಸುತ್ತೇನೆ, ಇಲ್ಲೂ ಬರೆದಿಡುತ್ತೇನೆ: ಯಾವ ಸಾಹೇಬರು ಫೋನು ಮಾಡಿದರೂ ಎತ್ತಬೇಡಿ. ಅದು ನಿಮಗೆ ಚೆನ್ನಾಗಿ ರೂಢಿಯಿದೆ. ಸೌಮ್ಯಾ ಕೊಟ್ಟದ್ದನ್ನು ಉಣ್ಣಿ. ಬೇರೆ ಯಾರ ಮನೆಗೂ ಹೋಗಬೇಡಿ, ಯಾರಿಗೂ ಏನೂ ಮಾತು ಕೊಡಬೇಡಿ. ಎಲ್ಲಿ ಕುಳಿತಿದ್ದೀರೋ ಅಲ್ಲೇ ಇರಿ. ನಾನು ಬಂದು ಜಗಳವಾಡುವುದಿದೆ.

ಶಿವ ನಿಮ್ಮ ಆಯುಷ್ಯ ಕಾಯಲಿ. ಸಾಬಮ್ಮನವರ ಮಾತು ಮುಗಿಯುವ ತನಕ ನಿಮ್ಮ ಬಾಯಿಯನ್ನೂ ಕಾಯಲಿ.

ಇನ್ನೂ ಸಿಟ್ಟು ಇಳಿಯದ ನಿಮ್ಮ ಮಗಳು,
ವಾಣಿ